ರಯೋಲೈಟಿಗೆ ನಾನು ಬೆರೆಸಿದ ಹರಳುಗಳು

ಕಲ್ಲುಗಳು ಗೋಣಿಚೀಲದಲ್ಲಿ ಬಂದವು. ರಾಜಸ್ಥಾನದ ಮರುಭೂಮಿಯಿಂದ ಲಾರಿಯಲ್ಲಿ ಬೆಂಗಳೂರಿಗೆ, ಅಲ್ಲಿಂದ ಗೂಡ್ಸ್ ಆಟೊದಲ್ಲಿ ಕುಕ್ ಟೌನಿಗೆ. ಅಲ್ಲೊಂದು ಹಳೆಯ ಬಂಗಲೆಯ ಹಿಂಭಾಗದಲ್ಲಿ ನಮ್ಮ ಪ್ರಯೋಗಾಲಯ ಇತ್ತು. ಒಂದು ಕಾಲಕ್ಕೆ ಕುದುರೆ ಕಟ್ಟುತ್ತಿದ್ದ ಲಾಯದಲ್ಲಿ ಕಲ್ಲು ಒಡೆಯುವ ಯಂತ್ರ, ಅಡುಗೆಮನೆಯಾಗಿದ್ದ ಕೋಣೆಯಲ್ಲಿ ಸೂಕ್ಷ್ಮದರ್ಶಕಗಳು. ಕಲ್ಲಿನೊಳಗೆ ಅಡಗಿರುವ ಜಿರ್ಕಾನ್ ಎಂಬ ಪುಟ್ಟ ಹರಳನ್ನು ಬೇರ್ಪಡಿಸಿ ಕೊಡುವುದು ನಮ್ಮ ಕೆಲಸ. ಅದರ ವಯಸ್ಸು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ನಾವು ಸಿದ್ಧ ಮಾಡಿದ್ದು ಬೇರೆ ಊರಿಗೆ ಹೋಗುತ್ತಿತ್ತು. ನಾನು ಹೈಸ್ಕೂಲು ಮುಗಿಸಿದವನು, ಆದರೆ ಹರಳು ಆರಿಸುವ ಕೋಣೆಯಲ್ಲಿ ಎಲ್ಲರಿಗಿಂತ ಹಳಬ. ಅಲ್ಲಿ ಒಬ್ಬ ಹೆಂಗಸಿಗೆ ನಾನು ಮಾಡಿದ ಅನ್ಯಾಯವನ್ನು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನನ್ನು ಕಾಪಾಡುವ ಸಂಗತಿ ಒಂದೂ ಇಲ್ಲ.

ಕಲ್ಲು ರಯೋಲೈಟ್, ಜ್ವಾಲಾಮುಖಿಯಿಂದ ಉಕ್ಕಿ ಗಟ್ಟಿಯಾದದ್ದು. ಇಟ್ಟಿಗೆಯ ಕೆಂಪು, ಒಡೆದರೆ ಬಾಟಲಿ ಗಾಜಿನಂತೆ ಚೂಪು. ತಂದವನು ದಾವಣಗೆರೆ ಕಡೆಯ ಸಂಶೋಧನಾ ವಿದ್ಯಾರ್ಥಿ. ಬಹಳ ಹಿಂದೆ ಅಲ್ಲಿ ಭಾರಿ ಜ್ವಾಲಾಮುಖಿಗಳು ಉಕ್ಕಿ ಇಡೀ ಸೀಮೆಯನ್ನೇ ಮುಚ್ಚಿದ್ದವಂತೆ. ಅಷ್ಟೊಂದು ಶಿಲಾಪಾಕ, ಅಂದರೆ ಕರಗಿದ ಕಲ್ಲು, ನೆಲದಡಿ ಹೇಗೆ ಹುಟ್ಟಿತು, ಎಷ್ಟು ಕಾಲ ಅಲ್ಲಿ ಕೂತಿತ್ತು ಎಂಬುದು ಅವನ ಪ್ರಬಂಧದ ಪ್ರಶ್ನೆ. ಪ್ರಯೋಗಾಲಯದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಹೊಸ ಕೆಲಸ ಶುರುವಾದಾಗ ಅವರು ಎಲ್ಲರನ್ನೂ ಕೂರಿಸಿಕೊಂಡು ವಿಷಯ ಹೇಳುತ್ತಿದ್ದರು. ಅವತ್ತೂ ಹೇಳಿದರು.

ನಾನು ಮಧ್ಯೆ ಬಾಯಿ ಹಾಕಿದೆ. "ಗೊತ್ತಲ್ಲ ಮೇಡಂ, ಕೆಳಗಡೆ ಬೆಂಕಿ ಕೆರೆ ಇರತ್ತೆ, ತುಂಬಿದಾಗ ಉಕ್ಕತ್ತೆ."

"ಕೆರೆ ಅಲ್ಲ ರೀ. ಚಳಿಗಾಲದಲ್ಲಿ ಡಬ್ಬಿಯಲ್ಲಿ ತುಪ್ಪ ಹೆಂಗಿರತ್ತೆ? ಹರಳು ಹರಳಾಗಿ ಗಟ್ಟಿಯಾಗಿರತ್ತೆ, ಸಂದಿಯಲ್ಲಿ ಚೂರು ಚೂರು ನೀರಾಗಿರತ್ತೆ. ಇಂಥ ದೊಡ್ಡ ಜ್ವಾಲಾಮುಖಿ ಕೆಳಗೂ ಹಂಗೇ. ಜಾಸ್ತಿ ಹರಳು, ಕಮ್ಮಿ ದ್ರವ. ಲಕ್ಷಾಂತರ ವರ್ಷ ಹಂಗೇ ಕೂತಿರಬಹುದು, ಉಕ್ಕೋದೇ ಇಲ್ಲ."

ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು ಮೆಲ್ಲಗೆ ಕೇಳಿದಳು. "ಹಂಗಂದ್ರ ಕೆಳಗಿಂದ ಉರಿ ಹಚ್ಚಬೇಕೇನ್ರಿ, ತುಪ್ಪ ಕಾಸಿದಂಗ?"

ಮೇಡಂ ಚಪ್ಪಾಳೆಯನ್ನೇ ತಟ್ಟಿಬಿಟ್ಟರು. "ನೋಡಿ, ಅದೇ! ಇನ್ನೂ ಆಳದಿಂದ ಬಿಸಿ ಕಪ್ಪು ಪಾಕ ಬಂದು ಅಡಿಗೆ ತಾಗತ್ತೆ. ಗಟ್ಟಿ ಇದ್ದದ್ದು ಸಡಿಲ ಆಗತ್ತೆ, ಸಂದಿಯಲ್ಲಿದ್ದ ದ್ರವ ಹಿಂಡಿಕೊಂಡು ಮೇಲೆ ಸೇರತ್ತೆ. ಆಮೇಲೆ ಉಕ್ಕತ್ತೆ."

ಆಕೆ ಯಾದಗಿರಿ ಕಡೆಯವಳು. ಪಿಯುಸಿ ಓದಿದ್ದಳು. ಮೊದಲು ಗಾಜಿನ ಸಾಮಾನು ತೊಳೆಯಲು ಬಂದಿದ್ದವಳನ್ನು ಮೇಡಂ ಹರಳು ಆರಿಸಲು ಕೂರಿಸಿದ್ದರು. ಹೊರಮಾವಿನಲ್ಲಿ ಒಂದು ಬಾಡಿಗೆ ಕೋಣೆ, ಎರಡು ಮಕ್ಕಳು. ಗಂಡ ಅಪಾರ್ಟ್‌ಮೆಂಟುಗಳ ಪಾಯಕ್ಕೆ ಬಂಡೆ ಕೊರೆಯುವ ಕೆಲಸದಲ್ಲಿದ್ದ. ಆಕೆಗೆ ಕೆಲಸ ಕಲಿಸುವ ಹೊಣೆ ನನ್ನದಾಗಿತ್ತು.

ಹೇಗೆ ಕಲಿಸಿದೆ ಎಂಬುದನ್ನು ಮುಚ್ಚಿಡಬಾರದು. ಮೊದಲು ಕೆಲಸದ ಕ್ರಮ ಹೇಳುತ್ತೇನೆ. ಕಲ್ಲನ್ನು ಯಂತ್ರದಲ್ಲಿ ರವೆಯಷ್ಟು ಸಣ್ಣಗೆ ಒಡೆಯಬೇಕು. ಜರಡಿ ಹಿಡಿಯಬೇಕು. ಆಮೇಲೆ ಅಗಲವಾದ ಮರದ ತಟ್ಟೆಯಲ್ಲಿ ನೀರು ಹಾಕಿ, ಅಕ್ಕಿಯ ಕಲ್ಲು ಜಾಲಿಸುವಂತೆ ಜಾಲಿಸಬೇಕು. ಹಗುರವಾದದ್ದು ನೀರಿನೊಂದಿಗೆ ಹೋಗುತ್ತದೆ, ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಅದಕ್ಕೆ ಅಯಸ್ಕಾಂತ ತೋರಿಸಿ ಕಬ್ಬಿಣದ ಅಂಶ ತೆಗೆಯಬೇಕು. ಕೊನೆಗೆ ಭಾರವಾದ ದ್ರವವೊಂದರಲ್ಲಿ ಹಾಕಿದರೆ ಜಿರ್ಕಾನ್ ಮುಳುಗುತ್ತದೆ, ಮಿಕ್ಕದ್ದು ತೇಲುತ್ತದೆ. ಚೀಲಗಟ್ಟಲೆ ಕಲ್ಲು ಒಂದು ಚಿಟಿಕೆ ಹುಡಿಗೆ ಇಳಿದ ಮೇಲೆ ಆರಿಸುವವರ ಕೆಲಸ ಶುರು. ಗಾಜಿನ ಬಟ್ಟಲಲ್ಲಿ ಸ್ಪಿರಿಟ್ಟಿನಡಿ ಹುಡಿ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಸೂಜಿಯಿಂದ ಒಂದೊಂದೇ ಹರಳನ್ನು ಎಳೆದು ಅಂಟುಪಟ್ಟಿಯ ಮೇಲೆ ಸಾಲಾಗಿ ಜೋಡಿಸಬೇಕು. ಮೇಲೆ ರಾಳ ಸುರಿದರೆ ನಾಣ್ಯದಷ್ಟು ಗಾತ್ರದ ಬಿಲ್ಲೆಯಾಗುತ್ತದೆ. ಹರಳಿನ ಹೊಟ್ಟೆ ಕಾಣುವ ತನಕ ಬಿಲ್ಲೆಯನ್ನು ಉಜ್ಜಬೇಕು.

ಸೂಜಿ ಹಿಡಿಯುವಾಗ ಆಕೆಯ ಕೈ ನಡುಗಿದರೆ ನಾನು ಮೇಜಿಗೆ ಗುದ್ದುತ್ತಿದ್ದೆ, ಇನ್ನಷ್ಟು ನಡುಗಲಿ ಎಂದು. "ಏನಮ್ಮಾ, ಜೋಳ ಬಿತ್ತೋಕೆ ಬಂದಿದ್ದೀಯಾ?" ಎನ್ನುತ್ತಿದ್ದೆ. ಒಂದು ಸಂಜೆ ಆಕೆ ದಿನವಿಡೀ ಜೋಡಿಸಿದ್ದ ಹರಳುಗಳನ್ನು ತೋರಿಸಿ "ನೋಡ್ರಿ ಸರ, ಬರೋಬ್ಬರಿ ಅದಾವೇನ್ರಿ?" ಎಂದಳು. ಅವು ಇನ್ನೂ ಅಂಟುಪಟ್ಟಿಗೆ ಏರಿರಲಿಲ್ಲ, ಗಾಜಿನ ಮೇಲೆ ಒಣಗಿದ್ದವು. ನಾನು ಬಗ್ಗಿ ಉಫ್ ಎಂದು ಊದಿಬಿಟ್ಟೆ. ಜಿರ್ಕಾನ್ ಕಣ್ಣಿಗೆ ಕಾಣದಷ್ಟು ಸಣ್ಣದು, ನೆಲಕ್ಕೆ ಬಿದ್ದರೆ ಮುಗಿಯಿತು. "ಗಾಳಿ ಬಂದ್ರೆ ಹಿಂಗೇ ಆಗತ್ತೆ. ಒಣಗೋಕೆ ಬಿಡಬಾರದು ಅಂತ ಇನ್ನು ನೆನಪಿರತ್ತೆ" ಎಂದೆ. ಆಕೆ ಖಾಲಿ ಗಾಜನ್ನು ಒರೆಸಿಟ್ಟು ಹೋದಳು. ಮರುದಿನ ಮತ್ತೆ ಶುರು ಮಾಡಿದಳು, ಒಣಗಲು ಬಿಡಲಿಲ್ಲ. ನನಗೆ ಹೀಗೆಯೇ ಕಲಿಸಿದ್ದರು, ನಾನೂ ಹೀಗೆಯೇ ಕಲಿಸಬೇಕು ಎಂದುಕೊಂಡಿದ್ದೆ. ಊದಿದಾಗ ಖುಷಿಯಾಗಿದ್ದೂ ನಿಜ.

ಕೆಲವು ತಿಂಗಳಲ್ಲಿ ಆಕೆ ನನಗಿಂತ ಬೇಗ ಆರಿಸತೊಡಗಿದಳು. ಒಂದು ದಿನ ಮೇಡಂ ಇಬ್ಬರ ಬಿಲ್ಲೆಗಳನ್ನೂ ಪಕ್ಕಪಕ್ಕ ಇಟ್ಟರು. "ಇವರ ಸಾಲು ನೋಡಿ, ಸ್ಕೇಲ್ ಇಟ್ಟು ಗೆರೆ ಎಳೆದಂಗಿದೆ. ನೀವೂ ಹಿಂಗೇ ಮಾಡಿ ರೀ" ಎಂದರು. ಅವರು ಸಹಜವಾಗಿ ಹೇಳಿದ್ದು. ಅದಾಗಲೇ ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣೂ ಮಬ್ಬಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಕಣ್ಣು ಹೋದವನಿಗೆ ಆ ಕೋಣೆಯಲ್ಲಿ ಏನು ಕೆಲಸ?

ನಮ್ಮಲ್ಲಿ ಒಂದು ಹಳೆಯ ರೂಢಿ ಇತ್ತು. ಹೊಸಬರು ಹರಳು ಆರಿಸುತ್ತಿರುವಾಗ ಅವರಿಗೆ ಗೊತ್ತಾಗದಂತೆ ಬೇರೆ ಕಲ್ಲಿನ ಹರಳು ಕೆಲವನ್ನು ಬಟ್ಟಲಿಗೆ ಬೆರೆಸುವುದು. ಗುರುತಿಸಿ ಹೊರಗಿಟ್ಟರೆ ಪಾಸು. ಇಲ್ಲದಿದ್ದರೆ ಎಲ್ಲರ ಮುಂದೆ ಎತ್ತಿ ತೋರಿಸಿ ಮಾನ ಕಳೆಯುವುದು. ಅದಕ್ಕಾಗಿಯೇ ನನ್ನ ಡ್ರಾಯರಿನಲ್ಲಿ ಒಂದು ಸೀಸೆ ಇರುತ್ತಿತ್ತು. ಬೆಂಗಳೂರಿನಲ್ಲಿ ಎಲ್ಲಿ ಪಾಯ ತೆಗೆದರೂ ಸಿಗುವ ಬೂದು ಬಂಡೆಯ ಜಿರ್ಕಾನ್. ಅದು ಬಹಳ ಹಳೆಯ ಬಂಡೆ. ಅದರ ಹರಳು ಸಾಮಾನ್ಯವಾಗಿ ಕಂದು, ಮೂಲೆ ಸವೆದದ್ದು. ರಯೋಲೈಟಿನದು ನೀರಿನಂತೆ ತಿಳಿ, ಎರಡೂ ತುದಿ ಚೂಪು. ಪರೀಕ್ಷೆ ನ್ಯಾಯವಾಗಿರಬೇಕಾದರೆ ಕಂದು ಹರಳನ್ನು ಬೆರೆಸಬೇಕು. ನಾನು ಸೀಸೆಯನ್ನೆಲ್ಲ ಕೆದಕಿ ತಿಳಿಯಾದ, ಚೂಪಾದ ಏಳು ಹರಳನ್ನು ಹುಡುಕಿ ತೆಗೆದೆ. ಆಕೆ ಗುರುತಿಸಲೇಬಾರದು ಎಂಬುದು ನನ್ನ ಲೆಕ್ಕ.

ಆಕೆ ಊಟಕ್ಕೆ ಹೋದಾಗ ಬೆರೆಸಿದೆ. ವಾಪಸ್ ಬಂದು ಆರಿಸಿದಳು. ಏಳನ್ನೂ ಸಾಲಿಗೆ ಸೇರಿಸಿದಳು. ಯಾರಾದರೂ ಸೇರಿಸುತ್ತಿದ್ದರು.

ಮರುದಿನ ಬೆಳಗ್ಗೆ, ರಾಳ ಸುರಿಯುವ ಮುಂಚೆ ನೋಡಿಹೋಗಲು ಮೇಡಂ ಮತ್ತು ವಿದ್ಯಾರ್ಥಿ ಬಂದರು. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. "ಮೇಡಂ, ನಿಮ್ಮ ಹೊಸ ಕೈ ಏನು ಮಾಡಿದೆ ನೋಡಿ" ಎಂದು ಶುರುಮಾಡಿ, ಒಂದೊಂದೇ ಹರಳನ್ನು ಸೂಜಿಯಿಂದ ತೋರಿಸುವುದು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಸಾಲುಗಳು ಕಂಡವು. ಹರಳುಗಳೂ ಕಂಡವು. ನಾನು ಹಾಕಿದ್ದು ಯಾವುದು ಎಂದು ತಿಳಿಯಲಿಲ್ಲ.

ಸೀಸೆಯಲ್ಲಿ ಕಂದು ಹರಳುಗಳ ನಡುವೆ ತಿಳಿ ಹರಳನ್ನು ಹೆಕ್ಕುವುದು ಸುಲಭವಿತ್ತು. ಇಲ್ಲಿ ತಿಳಿಯಾದವುಗಳ ನಡುವೆ ತಿಳಿಯಾದದ್ದನ್ನು ಹುಡುಕಬೇಕು, ಮಬ್ಬು ಕಣ್ಣಿನಲ್ಲಿ. ದೀಪ ಹೆಚ್ಚಿಸಿದೆ, ಕಮ್ಮಿ ಮಾಡಿದೆ. ಅಂಟುಪಟ್ಟಿ ತಿರುಗಿಸಿದೆ.

ಲಾಯದಲ್ಲಿ ಕಲ್ಲು ಒಡೆಯುವವನು, ಶಿವಾಜಿನಗರದವನು, ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. "ಕ್ಯಾ ಚಾಚಾ, ಆಂಖಾಂ ಗಯೇ ಕ್ಯಾ? ಕಣ್ಣು ಹೋಯ್ತಾ? ಇಷ್ಟೊತ್ತು ಏನು ಹುಡುಕ್ತಾ ಇದ್ದೀರಿ?"

ಎಲ್ಲರೂ ನಕ್ಕರು. ಆಕೆ ಮಾತ್ರ ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು, ಏನು ತಪ್ಪು ಸಿಕ್ಕಿತೋ ಎಂಬ ಭಯದಲ್ಲಿ.

"ಏನಾಯ್ತು ರೀ? ಏನಾದ್ರೂ ತೊಂದರೆನಾ?" ಎಂದರು ಮೇಡಂ.

ಬೆರೆಸಿದ್ದೇನೆ ಎಂದು ಹೇಳಬೇಕಾದರೆ ಹುಡುಕಿ ಕೊಡಬೇಕು. ಹುಡುಕಲಾಗದಿದ್ದರೆ ಕಣ್ಣಿನ ಸಂಗತಿ ಹೊರಬೀಳುತ್ತದೆ. "ಎಲ್ಲಾ ಸರಿಯಾಗಿದೆ ಮೇಡಂ" ಎಂದೆ. ಮಧ್ಯಾಹ್ನ ನನ್ನ ಕೈಯಾರೆ ರಾಳ ಸುರಿದೆ. ಆಮೇಲೂ ಬಿಲ್ಲೆಯನ್ನು ಬೀಳಿಸಿ ಒಡೆಯಬಹುದಿತ್ತು, ರಾಳ ಹೆಪ್ಪುಗಟ್ಟಲಿಲ್ಲ ಎಂದು ಸುಳ್ಳು ಹೇಳಿ ಮತ್ತೆ ಆರಿಸಬಹುದಿತ್ತು. ಮಾಡಲಿಲ್ಲ. ಅಷ್ಟು ಹರಳುಗಳಲ್ಲಿ ಏಳು ಏನು ಮಹಾ ಎಂದುಕೊಂಡೆ. ಯಂತ್ರ ಒಂದೊಂದನ್ನೂ ಬಿಡಿಬಿಡಿಯಾಗಿ ಸುಟ್ಟು ವಯಸ್ಸು ಹೇಳುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಫಲಿತಾಂಶ ಬಂದ ದಿನ ವಿದ್ಯಾರ್ಥಿ ಗೇಟಿನಿಂದಲೇ ಕೂಗುತ್ತ ಬಂದ. "ಅಂಕಲ್! ಹಳೇ ಹರಳು ಸಿಕ್ಕಿದೆ ಅಂಕಲ್! ಸಿಕ್ಕಾಪಟ್ಟೆ ಹಳೇದು!"

ಅವನು ಮೇಜಿನ ಮೇಲೆ ಕುಳಿತು ಎಲ್ಲರಿಗೂ ವಿವರಿಸಿದ. ಇಂಥ ಶಿಲಾಪಾಕ ಹುಟ್ಟಲು ಎರಡು ದಾರಿ. ಆಳದಿಂದ ಬಂದ ಕಪ್ಪು ಪಾಕ ನಿಧಾನವಾಗಿ ತಣ್ಣಗಾಗುತ್ತ, ಒಳಗೆ ಹರಳುಗಳನ್ನು ಕಟ್ಟಿ ಬಿಡುತ್ತ ಹೋದರೆ, ಕೊನೆಗೆ ಉಳಿದ ದ್ರವದಲ್ಲಿ ಮರಳಿನ ಅಂಶವಾದ ಸಿಲಿಕಾ ಹೆಚ್ಚಾಗಿ ರಯೋಲೈಟಿನ ಪಾಕವಾಗುತ್ತದೆ. ಅದು ಒಂದು. ಇಲ್ಲವೇ ಆ ಬಿಸಿಗೆ ಮೇಲಿನ ಹಳೆಯ ನೆಲವೇ ಕರಗಿ ಪಾಕವಾಗುತ್ತದೆ. ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ, ಯಾವುದು ಎಷ್ಟು ಎಂಬುದೇ ಜಗಳ. ಜಿರ್ಕಾನ್ ಸುಲಭಕ್ಕೆ ಕರಗುವುದಿಲ್ಲ. ಹಳೆಯ ನೆಲ ಕರಗಿದ್ದರೆ ಅದರ ಹರಳು ಕೆಲವಾದರೂ ಉಳಿದಿರಬೇಕು.

"ಇಲ್ಲೀವರೆಗೂ ಆ ಜಾಗದಲ್ಲಿ ಇಷ್ಟು ಹಳೇದು ಯಾರಿಗೂ ಸಿಕ್ಕಿರಲಿಲ್ಲ. ಮರುಭೂಮಿ ಕೆಳಗೆ ಯಾರಿಗೂ ಗೊತ್ತಿಲ್ಲದ ಪುರಾತನ ನೆಲ ಇದೆ ಅಂತಾಯ್ತು!" ಮೈಸೂರುಪಾಕಿನ ಪೊಟ್ಟಣ ಬಿಚ್ಚಿ ಮೊದಲ ತುಂಡನ್ನು ಆಕೆಯ ಕೈಗೆ ಇಟ್ಟ. "ತಗೊಳ್ಳಿ ಅಕ್ಕಾ, ನಿಮ್ಮ ಕೈಗುಣ."

ಆಕೆಯ ಮುಖ ಕೆಂಪಾಯಿತು. ಅರ್ಧ ತಿಂದು, ಅರ್ಧವನ್ನು ಮಕ್ಕಳಿಗೆಂದು ಕಾಗದದಲ್ಲಿ ಸುತ್ತಿಟ್ಟುಕೊಂಡಳು. ನಾನೂ ಒಂದು ತುಂಡು ತಿಂದೆ.

ಒಂದು ವಾರದ ನಂತರ ಅವನು ಹರಳುಗಳ ಚಿತ್ರ ಹಿಡಿದುಕೊಂಡು ನನ್ನ ಬಳಿಗೆ ಬಂದ. ವಿಶೇಷ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಜಿರ್ಕಾನಿನ ಒಳಗೆ ಮರದ ಕಾಂಡದಂತೆ ಉಂಗುರಗಳು ಕಾಣುತ್ತವೆ. ರಯೋಲೈಟಿನ ಹರಳುಗಳಲ್ಲಿ ಉಂಗುರದ ಮೇಲೆ ಉಂಗುರ, ನಡುವೆ ಸವೆದ ಗುರುತು, ಮತ್ತೆ ಉಂಗುರ. ಪಾಕ ತಣ್ಣಗಾದಾಗ ಹರಳು ಬೆಳೆದಿದೆ, ಕೆಳಗಿಂದ ಬಿಸಿ ತಾಗಿದಾಗ ಕರಗಿದೆ, ಮತ್ತೆ ಬೆಳೆದಿದೆ. ಗಟ್ಟಿ ತುಪ್ಪದಂಥ ಸ್ಥಿತಿಯಲ್ಲಿ ಅಷ್ಟು ಕಾಲ ಕೂತಿದ್ದಕ್ಕೆ ಅದೇ ಸಾಕ್ಷಿ. ಆದರೆ ಏಳು ಹಳೆಯ ಹರಳುಗಳ ಹೊರಗೆ ಹೊಸ ಉಂಗುರ ಒಂದೂ ಇರಲಿಲ್ಲ.

"ಇವೂ ಅದೇ ಪಾಕದಲ್ಲಿ ಕೂತಿದ್ರೆ ಮೇಲೊಂದು ಹೊಸ ಪದರ ಬೆಳೀಬೇಕಿತ್ತಲ್ವಾ ಅಂಕಲ್? ಒಂದಕ್ಕೂ ಇಲ್ಲ."

ಆಗಲಾದರೂ ಹೇಳಬಹುದಿತ್ತು. "ಉಜ್ಜುವಾಗ ಹೋಗಿರತ್ತಪ್ಪ. ಹೊರಗಿನ ಪದರ ತೆಳ್ಳಗಿದ್ರೆ ಕಿತ್ತು ಬರತ್ತೆ" ಎಂದೆ. ಅವನಿಗೆ ನಂಬಬೇಕಾಗಿತ್ತು, ನಂಬಿದ.

ಪ್ರಬಂಧದ ಆ ಭಾಗವನ್ನು ಅವನು ಹೊರಗಿನ ವಿದ್ವಾಂಸರ ಮುಂದೆ ಮಂಡಿಸಿದ. ಅವರಲ್ಲಿ ಒಬ್ಬ ಹಿರಿಯರು ಕೊನೆಯಲ್ಲಿ ಎರಡೇ ಮಾತು ಹೇಳಿದರಂತೆ. ಈ ಹರಳುಗಳ ಮೇಲೆ ಹೊಸ ಪದರ ಇಲ್ಲ. ಮತ್ತು ಇವುಗಳ ವಯಸ್ಸು ನೀವು ನಿಂತಿರುವ ಬೆಂಗಳೂರಿನ ಬಂಡೆಯ ವಯಸ್ಸು. ಮರುಭೂಮಿಯ ಕೆಳಗೆ ಹುಡುಕುವ ಮುಂಚೆ ನಿಮ್ಮ ಪ್ರಯೋಗಾಲಯದಲ್ಲಿ ಹುಡುಕಿ.

ಮೇಡಂ ಮಾರನೆಯ ದಿನವೇ ತನಿಖೆಗೆ ಕೂತರು. ಮೊದಲು ಲಾಯ. ಕಲ್ಲು ಒಡೆಯುವವನು ಒಂದು ಮಾದರಿ ಮುಗಿದ ಮೇಲೆ ಯಂತ್ರವನ್ನು ಬ್ರಷ್ಷಿನಿಂದ ತಿಕ್ಕಿ, ಗಾಳಿ ಹೊಡೆದು, ಶುದ್ಧ ಬಿಳಿಗಲ್ಲನ್ನು ಹಾಕಿ ಒಡೆಯುತ್ತಿದ್ದ, ಹಳೆಯ ಹುಡಿ ಏನಿದ್ದರೂ ಅದರೊಂದಿಗೆ ಬರಲಿ ಎಂದು. ಆ ಬಿಳಿಹುಡಿಯನ್ನು ಪ್ರತಿ ಸಲವೂ ಪೊಟ್ಟಣ ಕಟ್ಟಿ ಇಟ್ಟಿದ್ದ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದು ಜಿರ್ಕಾನೂ ಇಲ್ಲ. ಜರಡಿ ಬಟ್ಟೆ ಪ್ರತಿ ಸಲ ಹೊಸದು. ಮರದ ತಟ್ಟೆ ಚೊಕ್ಕ. ಭಾರದ ದ್ರವವನ್ನು ಸೋಸಿ ನೋಡಿದರು, ಅದೂ ಚೊಕ್ಕ.

"ಹಾಗಿದ್ರೆ ಆರಿಸೋ ಕೋಣೆಯಲ್ಲೇ ಆಗಿರಬೇಕು" ಎಂದರು ಮೇಡಂ. "ಅಲ್ಲಿರೋದು ನೀವಿಬ್ಬರೇ."

ಡ್ರಾಯರಿನ ಸೀಸೆಯನ್ನು ನಾನು ಹಿಂದಿನ ದಿನವೇ ಬಂಗಲೆಯ ಹಿಂದಿನ ಮೋರಿಗೆ ಸುರಿದಿದ್ದೆ.

ಆಕೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ವಿದ್ಯಾರ್ಥಿ ಮುಖ ಊದಿಸಿಕೊಂಡು ಗೋಡೆ ನೋಡುತ್ತಿದ್ದ. ನಾನು ಮಾತು ಶುರುಮಾಡಿದೆ. ಮಾತು ಎಷ್ಟು ನುಣ್ಣಗೆ ಬಂತು ಎಂದು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

"ಮೇಡಂ, ಹೇಳಬಾರದು ಅಂತಿದ್ದೆ. ಪಾಪ, ಬಡವರು. ಇವರ ಮನೆಯವರು ಹೊರಮಾವಿನಲ್ಲಿ ಬಂಡೆ ಕೊರೆಯೋ ಕೆಲಸ ಮಾಡೋದು. ಮೈತುಂಬಾ ಅದೇ ಧೂಳು. ಒಂದೇ ರೂಮು, ಒಂದೇ ಹಗ್ಗದ ಮೇಲೆ ಎಲ್ಲರ ಬಟ್ಟೆ. ತಲೇಲಿ, ಸೀರೇಲಿ ಕೂತಿರತ್ತೆ. ಬಗ್ಗಿ ನೋಡುವಾಗ ಬಟ್ಟಲಿಗೆ ಬಿದ್ದಿರತ್ತೆ."

ಮೇಡಂ ನಿಧಾನವಾಗಿ ಆಕೆಯ ಕಡೆ ತಿರುಗಿದರು. "ಹೌದೇನಮ್ಮಾ?"

"ಆತ ಬಂಡಿ ಕೊರೀತಾನ್ರಿ, ಖರೇ. ಆದ್ರ ನಾ ದಿನಾ ತಲಿಮ್ಯಾಲ ನೀರ್ ಹಾಕ್ಕೊಂಡ ಬರ್ತೀನ್ರಿ ಮೇಡಂ. ಇಲ್ಲಿ ಬಂದು ಕೋಟ್ ಹಾಕ್ಕೋತೀನ್ರಿ. ಕೈ ತೊಳಕೋತೀನ್ರಿ."

"ಕೂದಲಲ್ಲಿ ಏನಿರತ್ತೆ ಅಂತ ನಿಮಗೆ ಹೆಂಗೆ ಗೊತ್ತಾಗತ್ತೆ?" ಎಂದು ವಿದ್ಯಾರ್ಥಿ ಸಿಡುಕಿದ. "ನನ್ನ ಎರಡು ವರ್ಷ ಹಾಳಾಯ್ತು ಕಣ್ರೀ. ಒಂದು ಟೋಪಿ ಹಾಕ್ಕೊಳೋಕಾಗಲ್ವಾ?"

ಅಕ್ಕಾ ಎನ್ನುತ್ತಿದ್ದವನು ಆಗ ಅಕ್ಕಾ ಎನ್ನಲಿಲ್ಲ. ಆಕೆ ನನ್ನ ಕಡೆ ನೋಡಿದಳು. "ಸರ, ನೀವರೆ ಹೇಳ್ರಿ. ನೀವ ನೋಡೀರಲ್ಲ ನಾ ಹೆಂಗ್ ಕೆಲಸ ಮಾಡ್ತೀನಂತ."

ನಾನು ಕನ್ನಡಕ ಒರೆಸಿಕೊಂಡೆ.

ಬಾಗಿಲಲ್ಲಿದ್ದ ಶಿವಾಜಿನಗರದವನು ನನ್ನನ್ನೇ ದಿಟ್ಟಿಸುತ್ತಿದ್ದ. ಅವನು ಹೊಸಬನಾಗಿದ್ದಾಗ ಅವನ ಕಲ್ಲಿಗೂ ಯಾರೋ ಬೇರೆ ಕಲ್ಲು ಬೆರೆಸಿದ್ದರು, ಅವನಿಗೆ ಈ ರೂಢಿ ಗೊತ್ತು. ಆದರೆ ಅವನ ಯಂತ್ರ ಆಗಷ್ಟೇ ಪಾರಾಗಿತ್ತು. ಅವನೂ ಬಾಯಿ ಬಿಡಲಿಲ್ಲ. ಆಮೇಲೆ ಒಂದು ಸಲ ಚಹಾ ಕುಡಿಯುವಾಗ ಮಾತ್ರ, "ಚಾಚಾ, ಧೂಳು ಬಿದ್ರೆ ಕಂದು, ಬಿಳಿ, ಮುರಿದಿದ್ದು ಎಲ್ಲಾ ಬೀಳಬೇಕು. ಏಳಕ್ಕೆ ಏಳೂ ಚಂದದ್ದೇ ಬಿತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಲೋಟ ಇಟ್ಟು ಹೋದ.

ಆಕೆಯನ್ನು ಆ ವಾರವೇ ತೆಗೆದುಹಾಕಿದರು. ಇಂಥ ಪ್ರಯೋಗಾಲಯಗಳು ಊರಿನಲ್ಲಿ ಕೆಲವೇ, ಎಲ್ಲರಿಗೂ ಎಲ್ಲರ ಪರಿಚಯ. ಮಾದರಿ ಕೆಡಿಸಿದವಳು ಎಂದು ಹೆಸರು ಬಿದ್ದರೆ ಸೂಜಿ ಹಿಡಿಯುವ ಕೆಲಸ ಇನ್ನೆಲ್ಲೂ ಸಿಗುವುದಿಲ್ಲ. ಹೋಗುವಾಗ ತನ್ನ ಕೋಟನ್ನು ಒಗೆದು ಮಡಿಸಿ ಮೇಜಿನ ಮೇಲೆ ಇಟ್ಟಿದ್ದಳು.

ವಿದ್ಯಾರ್ಥಿ ಮತ್ತೆ ಮರುಭೂಮಿಗೆ ಹೋಗಿ ಕಲ್ಲು ತಂದ. ಈ ಸಲ ಆರಿಸಲು ಹೊರಗಿನಿಂದ ಒಬ್ಬರನ್ನು ಕರೆಸಿದರು. ಹಳೆಯ ಹರಳು ಒಂದೂ ಸಿಗಲಿಲ್ಲ. ಪುರಾತನ ನೆಲದ ಮಾತು ಬಿದ್ದುಹೋಯಿತು, ಆದರೆ ಉಂಗುರಗಳ ಕಥೆ ಗಟ್ಟಿಯಾಗಿ ನಿಂತಿತು. ಆ ಪಾಕ ಬಹಳ ಕಾಲ ಕೂತಿತ್ತು, ಮತ್ತೆ ಮತ್ತೆ ಬಿಸಿಯಾಗಿ ಸಡಿಲಗೊಂಡು ಆಮೇಲೆ ಉಕ್ಕಿತು ಎಂದು ಅವನು ಬರೆದ. ಪ್ರಬಂಧ ಒಪ್ಪಿಗೆಯಾಯಿತು. ಹೀಗೆ ಎಲ್ಲರೂ ದಡ ಸೇರಿದೆವು, ಆಕೆಯೊಬ್ಬಳನ್ನು ಬಿಟ್ಟು.

ಆಮೇಲೆ ಒಂದು ದಿನ ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ಬಸ್ಸಿಗೆ ನಿಂತಿದ್ದಾಗ ಆಕೆ ಕಂಡಳು. ತಲೆಗೆ ಟವೆಲು ಸುತ್ತಿ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಕಟ್ಟಡ ಕೆಲಸದ ಹೆಂಗಸರ ಗುಂಪಿನಲ್ಲಿದ್ದಳು. ತಪ್ಪಿಸಿಕೊಳ್ಳುವ ಮುಂಚೆ ಆಕೆಯೇ ನೋಡಿದಳು.

"ಆರಾಮದೀರೇನ್ರಿ ಸರ?"

ಏನೋ ಹೇಳಲು ಒಂದು ಹೆಜ್ಜೆ ಮುಂದಿಟ್ಟೆ. ಆಕೆ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. "ದೂರ ನಿಂದರ್ರಿ ಸರ. ಮೈಮ್ಯಾಲೆಲ್ಲ ಧೂಳೈತ್ರಿ. ನೀವು ಅಲ್ಲೇ ಹೊಂಟೀರೇನೊ, ಆ ಕ್ವಾಣ್ಯಾಗ ಹೋಗಬೇಕಲ್ರಿ."

ಅಣಕವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ನಿಜವಾಗಿಯೇ ಹೇಳಿದ್ದಳು. ತನ್ನಿಂದಲೇ ಆ ಕೆಲಸ ಕೆಟ್ಟಿತೆಂದು ನಂಬಿದ್ದಳು, ಮತ್ತೊಮ್ಮೆ ಕೆಡದಿರಲಿ ಎಂದು ಹಿಂದೆ ಸರಿದಿದ್ದಳು. ಬಸ್ಸು ಬಂತು, ಹತ್ತಿಬಿಟ್ಟೆ.

ನನ್ನ ನಿವೃತ್ತಿ ಹತ್ತಿರವಿತ್ತು. ಆ ವಾರವೇ ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿ, ರೂಢಿ, ಸೀಸೆ, ಕಣ್ಣು, ಧೂಳಿನ ಸುಳ್ಳು, ಎಲ್ಲವನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೇಳಿಸಿಕೊಂಡರು.

"ಇದನ್ನ ಯಾರಿಗೆ ಹೇಳಿದ್ದೀರಿ?"

"ನಿಮಗೇ ಮೊದಲು."

"ನನಗೇ ಕೊನೆ ಆಗಲಿ. ನಮ್ಮಲ್ಲಿ ಬೇಕಂತಲೇ ಮಾದರಿ ಕೆಡಿಸ್ತಾರೆ ಅಂತ ಗೊತ್ತಾದ್ರೆ ನಾಳೆಯಿಂದ ಒಬ್ಬರೂ ಕಲ್ಲು ಕಳಿಸಲ್ಲ. ಧೂಳು ಬಿತ್ತು ಅಂದ್ರೆ ಕ್ಷಮಿಸ್ತಾರೆ, ಇದನ್ನ ಕ್ಷಮಿಸಲ್ಲ."

"ಆಕೆನ ವಾಪಸ್ ತಗೊಳ್ಳಿ ಮೇಡಂ. ನನ್ನ ಜಾಗ ಖಾಲಿ ಆಗತ್ತಲ್ಲ."

"ಏನು ಕಾರಣ ಕೊಟ್ಟು ತಗೊಳ್ಳಲಿ? ಧೂಳು ಅಲ್ಲ ಅಂದ್ರೆ ಮತ್ತೇನು ಅಂತ ಕೇಳ್ತಾರೆ." ಪೆನ್ನನ್ನು ಕೆಳಗಿಟ್ಟು, "ನೀವು ಆರಾಮಾಗಿ ಮನೆಗೆ ಹೋಗಿ ರೀ. ಕಣ್ಣಿಗೆ ಆಪರೇಷನ್ ಮಾಡಿಸ್ಕೊಳಿ" ಎಂದರು.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು. ಎಷ್ಟೋ ಜನರಿಗೆ ಕೆಲಸ ಕಲಿಸಿದವರು ಎಂದು ಹೊಗಳಿದರು. ಎದ್ದು ನಿಂತು ಎಲ್ಲರ ಮುಂದೆ ಹೇಳಿಬಿಡಬೇಕು ಎಂದುಕೊಂಡು ಹೋಗಿದ್ದೆ. ಎದ್ದು ನಿಂತು ವಂದನೆ ಹೇಳಿದೆ.

ಮರುದಿನ ಭಾನುವಾರ. ಹೊರಮಾವಿಗೆ ಹೋದೆ. ಅಪಾರ್ಟ್‌ಮೆಂಟುಗಳ ಹಿಂದೆ, ಶೀಟು ಹಾಕಿದ ಕೋಣೆಗಳ ಸಾಲು. ಆಕೆಯ ಗಂಡ ಹೊರಗಿನ ನಲ್ಲಿಯ ಹತ್ತಿರ ಕೂತು ತಲೆ ತಿಕ್ಕಿಕೊಳ್ಳುತ್ತಿದ್ದ. ನಾನು ಯಾರೆಂದು ತಿಳಿದು ನಕ್ಕ. "ಒಳಗ ಹೋಗ್ರಿ ಸಾಹೇಬ್ರ. ನಾ ಇನ್ನೂ ಪಾಸಾಗಿಲ್ರಿ. ಕಿವಿ ಹಿಂದ ನೋಡಿ ಒಳಗ ಬಿಡ್ತಾಳ್ರಿ, ನಿಮ್ಮ ಆ ಕೆಲಸ ಹೋದಾಗಿಂದ. ಒಂದ್ ದಿನ ತೊಳಿಲಾರದ ಬಂದೆ ಅಂತ ಹುಡುಗೂರನ್ನ ಮುಟ್ಟಗೊಡಲಿಲ್ಲ."

ಆಕೆ ಬಾಗಿಲಿಗೆ ಬಂದಳು. ಕುರ್ಚಿ ತರಲು ತಿರುಗಿದವಳನ್ನು ತಡೆದು, ಅಲ್ಲೇ ನಿಂತು, ಗಂಡನಿಗೂ ಕೇಳುವಂತೆ ಹೇಳಿದೆ. ಧೂಳಲ್ಲ. ಇವರದೂ ಅಲ್ಲ, ನಿನ್ನದೂ ಅಲ್ಲ. ನಾನು ಬೆರೆಸಿದ್ದು.

ಅವನು ಚೊಂಬನ್ನು ಕೆಳಗಿಟ್ಟ. "ಕೇಳಿದೇನ? ನಂದಲ್ಲಂತ" ಎಂದು ನಗಲು ಹೋದವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದ.

"ಯಾಕ್ರಿ ಸರ?" ಎಂದಳು ಆಕೆ. "ನಾ ನಿಮಗೇನ್ ಮಾಡಿದ್ನಿ?"

"ಏನೂ ಮಾಡಿರಲಿಲ್ಲಮ್ಮ. ಮೇಡಂ ನಿನ್ನ ಬಿಲ್ಲೆ ಚೆನ್ನಾಗಿದೆ ಅಂದ್ರಲ್ಲ, ಅವತ್ತು…"

"ಅಷ್ಟಕ್ಕ?"

ತಲೆಯಾಡಿಸಿದೆ. ಒಳಗೆ ಒಂದು ಮಗು ಏನನ್ನೋ ಬೀಳಿಸಿತು. ಆಕೆ ತಿರುಗಿ ನೋಡಲಿಲ್ಲ. ಮುಖದಲ್ಲಿ ಮೆಲ್ಲಗೆ ಏನೋ ಒಂದು ಬೆಳಕು ಬಂತು, ಅದನ್ನು ನೋಡಿ ನನಗೆ ಭಯವಾಯಿತು.

"ಹಂಗಂದ್ರ ನಂದೇನೂ ತಪ್ಪಿಲ್ಲಂತ ಮೇಡಂಗ ಹೇಳೀರೇನ್ರಿ?"

"ಹೇಳಿದ್ದೀನಮ್ಮ."

"ಏನಂದ್ರು? ನಾ ನಾಳಿಂದ ಬರಬೌದಂತೇನ್ರಿ?"

"ಇಲ್ಲಮ್ಮ. ತಗೊಳ್ಳಲ್ಲ ಅಂದ್ರು."

"ಬ್ಯಾರೆ ಕಡೆ? ಅವರು ಒಂದು ಮಾತು ಹೇಳಿದ್ರ ಬ್ಯಾರೆ ಕಡೆ ಸಿಗತೈತಲ್ರಿ?"

"ಅವರು ಯಾರಿಗೂ ಹೇಳಲ್ಲ."

"ನೀವು? ನಿನ್ನಿ ನಿಮಗ ಶಾಲ್ ಹಾಕಿದ್ರಂತಲ್ಲ, ಕಲ್ಲ ಒಡಿಯಾಂವ ಫೋನ್ ಮಾಡಿ ಹೇಳಿದ, ಎಲ್ಲಾರೂ ಇದ್ರಂತ. ಅಲ್ಲಿ ಹೇಳಿದ್ರೇನು?"

"ಇಲ್ಲ."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮತ್ಯಾಕ ಬಂದ್ರಿ?"

ಅವಳ ಗಂಡ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಎದ್ದು ಬಂದು, ನನ್ನ ಮೊಳಕೈ ಹಿಡಿದು ಗಲ್ಲಿಯ ತುದಿಯವರೆಗೂ ನಡೆಸಿಕೊಂಡು ಹೋದ, ಕಣ್ಣು ಕಾಣದವರನ್ನು ಕರೆದುಕೊಂಡು ಹೋಗುವಂತೆ. "ಬಸ್ಸು ಆ ಕಡಿಗೆ ನಿಂದರ್ತಾವ್ರಿ" ಎಂದು ತೋರಿಸಿ ತಿರುಗಿ ಹೋದ.